ಮೊಂಡು ಬಾಲದ ಮೀನಿನ ಜಾಡಿನಲ್ಲಿ

ಬಂಗಾರಪೇಟೆ

ಹಳೆಯ ಪಿಂಗಾಣಿ ನೋಡಲು ಚೀನಾಕ್ಕೆ ಹೋಗುವ ಮನಸ್ಸು ಯಾರಿಗಾದರೂ ಇದ್ದರೆ ಒಂದು ಮಾತು ಹೇಳುತ್ತೇನೆ. ಗಣಿಯಲ್ಲಿ ದುಡಿದ ತಮ್ಮನನ್ನು ಮಾತ್ರ ಜೊತೆಗೆ ಕರೆದುಕೊಂಡು ಹೋಗಬೇಡಿ. ನಾನು ಕರೆದುಕೊಂಡು ಹೋದೆ. ಒಂಬತ್ತು ದಿನಗಳಲ್ಲಿ ನನ್ನ ತಲೆಯ ಅರ್ಧ ಕೂದಲು ಬೆಳ್ಳಗಾಯಿತು. ಉಳಿದರ್ಧ ಮೊದಲೇ ಬೆಳ್ಳಗಿತ್ತು, ಅದಕ್ಕೂ ಅವನೇ ಕಾರಣ.

ನಾನು ಬಂಗಾರಪೇಟೆಯ ಕಾಲೇಜೊಂದರಲ್ಲಿ ಗ್ರಂಥಪಾಲಕಿಯಾಗಿದ್ದು ನಿವೃತ್ತಳಾದವಳು. ಇಪ್ಪತ್ತು ವರ್ಷಗಳಿಂದ ನನಗೊಂದು ಹುಚ್ಚು ಹಿಡಿದಿದೆ. ಇಂಗ್ಲಿಷಿನವರು ಸೆಲಡಾನ್ ಎನ್ನುವ ಚೀನೀ ಹಸಿರು ಪಿಂಗಾಣಿಯನ್ನೂ ಅದರ ಬಗ್ಗೆ ವಿದ್ವಾಂಸರು ಬರೆದ ಪುಸ್ತಕಗಳನ್ನೂ ಕೂಡಿಹಾಕುವುದು. ಪಿಂಗಾಣಿ ಹನ್ನೊಂದಿವೆ, ಅದರಲ್ಲಿ ಎಂಟು ಒಡೆದವು. ಪುಸ್ತಕ ಎರಡು ಬೀರು ತುಂಬಿ ಮಂಚದ ಕೆಳಕ್ಕೂ ಇಳಿದಿವೆ. ಕೋಲಾರದ ಹಳ್ಳಿಯವಳಿಗೆ ಚೀನೀ ಪಿಂಗಾಣಿ ಎಲ್ಲಿ ಸಿಕ್ಕಿತು ಅಂತೀರಾ? ಚಿನ್ನದ ಗಣಿಯಲ್ಲಿ ದೊರೆಗಳಿದ್ದ ಕಾಲಕ್ಕೆ ಅವರ ಬಂಗಲೆಗಳಲ್ಲಿ ಯಾವ ದೇಶದ ಸಾಮಾನು ಇರಲಿಲ್ಲ? ಗಣಿ ಮುಚ್ಚಿದ ಮೇಲೆ ಅದೆಲ್ಲ ಗುಜರಿಗೆ ಬಂತು. ಜನ ಹಿತ್ತಾಳೆಗೆ ಮುಗಿಬಿದ್ದರು, ನಾನು ತಟ್ಟೆಗಳಿಗೆ.

ನನ್ನ ಹೆಮ್ಮೆಯ ತಟ್ಟೆ ಉರಿಗಾಂನ ಒಂದು ಬಂಗಲೆಯದು. ಒಂದೂವರೆ ಗೇಣು ಅಗಲ, ಪಾಚಿಗಟ್ಟಿದ ಕೆರೆ ನೀರಿನ ಬಣ್ಣ. ನಡುವೆ ಎರಡು ಉಬ್ಬು ಮೀನುಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತಿವೆ. ಅದರಲ್ಲಿ ಒಂದರ ಬಾಲ ಮೊಂಡು, ಯಾರೋ ಕಚ್ಚಿದ ಹಾಗೆ. ಇಂಥ ಜೋಡಿ ಮೀನಿನ ತಟ್ಟೆಗಳನ್ನು ಚೀನಾದ ಲಾಂಗ್‌ಚುವಾನ್ ಎಂಬ ಊರಿನಲ್ಲಿ ಏಳುನೂರು ವರ್ಷಗಳ ಹಿಂದೆ ಮಾಡುತ್ತಿದ್ದರೆಂದು ನನ್ನ ಪುಸ್ತಕಗಳೆಲ್ಲ ಹೇಳುತ್ತವೆ. ಸರಿ, ನಾನೂ ಏಳುನೂರು ವರ್ಷ ಅಂದೆ. ಮನೆಗೆ ಬಂದವರಿಗೆಲ್ಲ ಅಂದೆ, ಕಾಲೇಜಿನ ಸಮಾರಂಭದಲ್ಲಿ ಮೈಕಿನಲ್ಲಿ ಅಂದೆ. ಕೊನೆಗೆ ಹಸಿರು ಪಿಂಗಾಣಿಯ ಬಗ್ಗೆ ಕನ್ನಡದಲ್ಲಿ ಒಂದು ಪುಸ್ತಕವನ್ನೇ ಬರೆದೆ. ಅದರ ಅತಿ ಉದ್ದದ ಅಧ್ಯಾಯ ಈ ತಟ್ಟೆಯದು. ಮೊಂಡು ಬಾಲದ ಬಗ್ಗೆಯೇ ಆರು ಪುಟ. ಪರಿಪೂರ್ಣತೆಯ ಎದುರು ಕುಶಲಕರ್ಮಿಯ ವಿನಯ ಎಂದೆಲ್ಲ ಬರೆದಿದ್ದೆ, ಅಡಿಟಿಪ್ಪಣಿ ಸಮೇತ.

ಬೆಂಗಳೂರಿನ ಪ್ರಕಾಶಕರು ಹಸ್ತಪ್ರತಿ ಓದಿ, "ಎಲ್ಲ ಚೆನ್ನಾಗಿದೆ ಮೇಡಂ. ಆ ತಟ್ಟೆ ಅಸಲಿ ಅಂತ ಗೊತ್ತಿರುವವರು ಯಾರಾದರೂ ಒಂದು ಮಾತು ಹೇಳಿದರೆ ಅಚ್ಚಿಗೆ ಕೊಡುತ್ತೇನೆ" ಎಂದರು. ಐದು ವರ್ಷದ ಬರವಣಿಗೆ ಆ ಒಂದು ಮಾತಿಗೆ ನೇತುಬಿತ್ತು. ನಾನು ಲಾಂಗ್‌ಚುವಾನ್‌ನ ಒಂದು ಕುಂಬಾರ ಮನೆತನಕ್ಕೆ ಪತ್ರ ಬರೆದೆ. ಮಿನ್ ಎಂಬ ಹುಡುಗಿ ಇಂಗ್ಲಿಷಿನಲ್ಲಿ ಉತ್ತರಿಸಿದಳು: ನಮ್ಮ ತಾತ ನೋಡಿ ಹೇಳುತ್ತಾರೆ, ಬನ್ನಿ.

ಬನ್ನಿ ಅಂದರೆ ಆಯಿತೆ? ನೂರು ವರ್ಷ ದಾಟಿದ ಕಲಾವಸ್ತುವನ್ನು ನಮ್ಮ ದೇಶದಿಂದ ಆಚೆ ಒಯ್ಯುವಂತಿಲ್ಲ. ಒಯ್ಯಬೇಕಾದರೆ ಇದು ಹಳೆಯದಲ್ಲ ಎಂದು ಇಲ್ಲಿ ಬರೆಸಿಕೊಳ್ಳಬೇಕು. ಹಾಗೆ ಬರೆಸಿಕೊಂಡು, ಇದು ಹಳೆಯದು ಎಂದು ಹೇಳಿಸಲು ಅಲ್ಲಿಗೆ ಹೋಗಬೇಕು. ಕರ್ಮ! ತಟ್ಟೆಯನ್ನು ಮನೆಯಲ್ಲೇ ಬಿಟ್ಟು ಅದರ ಮುಂದೆ, ಹಿಂದೆ, ಅಂಚು, ಅಡಿ ಎಲ್ಲವನ್ನೂ ಫೋಟೋ ಹಿಡಿದುಕೊಂಡೆ.

ನಮ್ಮ ಯಜಮಾನರು "ತಟ್ಟೆ ನೋಡೋಕೆ ಚೀನಾಕ್ಕೆ ಬರೋಷ್ಟು ತಲೆ ಕೆಟ್ಟಿಲ್ಲ ನನಗೆ" ಅಂದುಬಿಟ್ಟರು. ಆಗ ಎದ್ದು ನಿಂತವನು ನನ್ನ ತಮ್ಮ ಮುನಿರಾಜ. "ನಾನ್ ಬತ್ತೀನಿ ಬುಡಕ್ಕಾ. ಒಂದ್ಸಲಾನೂ ಇಮಾನ ಅತ್ತಿಲ್ಲ."

ಇವನ ವಿಷಯ ಸ್ವಲ್ಪ ಹೇಳಬೇಕು. ಗಣಿ ಮುಚ್ಚುವವರೆಗೂ ಚಾಂಪಿಯನ್ ರೀಫ್ಸ್‌ನಲ್ಲಿ ಕೆಳಗಿಳಿದು ದುಡಿದವನು. ಅಲ್ಲಿ ಹೊಸ ಜಾಗಕ್ಕೆ ಕಾಲಿಡುವ ಮೊದಲು ತಲೆಯ ಮೇಲಿನ ಬಂಡೆಯನ್ನು ಸಲಾಕೆಯಿಂದ ತಟ್ಟಿ ಕೇಳುತ್ತಿದ್ದರಂತೆ. ಟಣ್ ಎಂದರೆ ಗಟ್ಟಿ. ಟಪ್ ಎಂದರೆ ಒಳಗೆ ಟೊಳ್ಳಿದೆ, ಉದುರುತ್ತದೆ, ಓಡು. ಆ ಟೊಳ್ಳಿಗೆ ಇವನ ಗ್ಯಾಂಗಿನವರು 'ಬುರುಡೆ' ಅನ್ನುತ್ತಿದ್ದರು. ಗಣಿ ಮುಚ್ಚಿ ಇಷ್ಟು ವರ್ಷವಾದರೂ ಇವನು ಕಂಡದ್ದನ್ನೆಲ್ಲ ತಟ್ಟುವುದು ಬಿಟ್ಟಿಲ್ಲ. ನನ್ನ ತಟ್ಟೆಯನ್ನು ಮನೆಗೆ ತಂದ ದಿನ ಕಾಲೇಜಿನವರೆಲ್ಲ ನೋಡಲು ಬಂದಿದ್ದರು. ಇವನು ಬಂದವನೇ ಬೆರಳ ಗೆಣ್ಣಿನಿಂದ ಅಂಚು ತಟ್ಟಿದ, ಮೀನು ತಟ್ಟಿದ, ಕಿವಿಯಾನಿಸಿ ಕೇಳಿದ. ಆಮೇಲೆ ಎಲ್ಲರೆದುರು, "ಅಕ್ಕಾ, ಈ ಮೀನೆಲ್ಲಾ ಬುರುಡೆ ಕಣಕ್ಕಾ" ಎಂದ.

ಗಣಿಯಾಚೆಯ ಕನ್ನಡದಲ್ಲಿ ಬುರುಡೆ ಅಂದರೆ ಏನೆಂದು ನಿಮಗೇ ಗೊತ್ತು. ಸುಳ್ಳು, ಬೊಗಳೆ. ಬಂದವರು ಕಿಸಕ್ಕನೆ ನಕ್ಕರು. ಎರಡು ತಿಂಗಳು ಅವನ ಜೊತೆ ಮಾತು ಬಿಟ್ಟಿದ್ದೆ.

ಹಾಂಗ್‌ಝೌ

ನಮ್ಮ ಗಣಿ ಊರಲ್ಲಿ ಗುರುತಿಲ್ಲದವರು ಎದುರಾದರೆ ಮೊದಲು ಕನ್ನಡ, ಅದು ನಡೆಯದಿದ್ದರೆ ತಮಿಳು, ಅದೂ ನಡೆಯದಿದ್ದರೆ ತೆಲುಗು. ಮೂರರಲ್ಲಿ ಒಂದು ತಗುಲಿಯೇ ತಗುಲುತ್ತದೆ. ಮುನಿರಾಜ ಚೀನಾದಲ್ಲೂ ಅದನ್ನೇ ಮಾಡಿದ. ವಿಮಾನ ನಿಲ್ದಾಣದ ಅಧಿಕಾರಿ ಅವನ ಚೀಲದಿಂದ ರಾಗಿ ಹುರಿಹಿಟ್ಟಿನ ಡಬ್ಬ ತೆಗೆದು ಏನಿದು ಎಂದು ಹುಬ್ಬೇರಿಸಿದಾಗ, "ಉರಿಟ್ಟು ಸಾಮಿ" ಎಂದ. ಅಧಿಕಾರಿ ಪಿಳಿಪಿಳಿ ನೋಡಿದ. "ರಾಗಿ ಮಾವು ಸಾರ್" ಎಂದ. ಅದೂ ನಾಟಲಿಲ್ಲ. "ರಾಗಿ ಪಿಂಡಿ ಅಂಡಿ, ಪಿಂಡಿ" ಎಂದು ಕೂಗಿದ, ಅವನು ಕಿವುಡನೇನೋ ಎಂಬಂತೆ. ಹುರಿಹಿಟ್ಟು ಅಲ್ಲೇ ಉಳಿಯಿತು. "ಮೂರ್ ಭಾಷೇನೂ ಬರ್ದೇ ಇರೋರ್ನ ಇಂಥಾ ಕೆಲಸಕ್ಕೆ ಯಾಕಕ್ಕಾ ಇಟ್ಕಂಡವ್ರೆ?" ಎಂದು ಟ್ಯಾಕ್ಸಿ ಹತ್ತುವವರೆಗೂ ಗೊಣಗಿದ.

ಹೋಟೆಲಿನ ಕೋಣೆಗೆ ಕಾಲಿಟ್ಟೊಡನೆ ನಾಲ್ಕೂ ಗೋಡೆ ತಟ್ಟಿದ. ಮಂಚ ಹತ್ತಿ ಚಾವಣಿ ತಟ್ಟಿದ. ಪಕ್ಕದ ಕೋಣೆಯ ಹೆಂಗಸು ಬಾಗಿಲು ತೆರೆದು ಯಾರು ಕರೆದದ್ದು ಎಂದು ನೋಡಿದಳು. ಮತ್ತೆ ತಟ್ಟಿದಾಗ ಮತ್ತೆ ಬಂದಳು. ಮೂರನೆಯ ಸಲ ಹೋಟೆಲಿನವನೇ ಬಂದ. ನಾನು ಕೈ ಜೋಡಿಸಿದೆ. ಇವನು ಮಾತ್ರ ನೆಮ್ಮದಿಯಿಂದ ಮಲಗುತ್ತಾ, "ಗಟ್ಟಿಗೈತೆ ಬುಡಕ್ಕಾ, ಮನಿಕ್ಕೋ" ಎಂದ.

ಮರುದಿನದ ಅವಮಾನ ನನ್ನದೇ, ಅವನ ತಲೆಗೆ ಕಟ್ಟಲಾಗದು. ಲಾಂಗ್‌ಚುವಾನ್‌ನ ಹಳೆಯ ಗೂಡುಗಳ ಉತ್ಖನನದ ವರದಿ ಎರಡು ಸಂಪುಟಗಳಲ್ಲಿದೆ. ಮೊದಲನೆಯದು ನನ್ನ ಹತ್ತಿರ ಬಹಳ ಕಾಲದಿಂದ ಇದೆ. ಎರಡನೆಯದಕ್ಕಾಗಿ ಬಾಯಿ ಬಿಡುತ್ತಿದ್ದೆ. ಹಳೆಯ ಪುಸ್ತಕದಂಗಡಿಯ ಮುದುಕನಿಗೆ ನನ್ನ ಸಂಪುಟದ ಹೊದಿಕೆಯ ಫೋಟೋ ತೋರಿಸಿದೆ. ಒಳಗೆ ಹೋಗಿ ಅದೇ ಬಣ್ಣದ ಪುಸ್ತಕ ತಂದ. ನನಗೆ ಚೀನೀ ಅಂಕಿ ಗೊತ್ತೆಂಬ ಜಂಬ. ಒಂದು ಎಂದರೆ ಒಂದು ಅಡ್ಡಗೆರೆ, ಎರಡು ಎಂದರೆ ಎರಡು. ಮುದುಕ ತಂದದ್ದರ ಮೇಲೆ ಎರಡು ಗೆರೆ ಇರಲಿಲ್ಲ. ಬೇರೇನೋ ಅಕ್ಷರವಿತ್ತು. ಬೇಡ ಎಂದೆ. ಅವನು ಪುಸ್ತಕ ತೋರಿಸಿ ನೆಲ ತೋರಿಸಿದ. ಕೆಳಗೆ ಇಡು ಅನ್ನುತ್ತಾನೇನೋ ಎಂದು ಇಟ್ಟೆ. ಮತ್ತೆ ಕೈಗೆ ಕೊಟ್ಟು ಮತ್ತೆ ನೆಲ ತೋರಿಸಿದ. ಕೂತುಕೊಂಡು ನೋಡಿ ಅಂತಿರಬೇಕೆಂದು ಮುನಿರಾಜ ನೆಲದ ಮೇಲೆ ಕೂತೇಬಿಟ್ಟ. ಮುದುಕ ಹಣೆ ಚಚ್ಚಿಕೊಂಡ. ನನ್ನ ಫೋಟೋ ತೋರಿಸಿ ಚಾವಣಿಯತ್ತ ಬೆರಳೆತ್ತಿದ, ಪುಸ್ತಕ ತೋರಿಸಿ ನೆಲಕ್ಕೆ ಬೆರಳಿಳಿಸಿದ. ನಾನು ಸಿಟ್ಟಿನಿಂದ ಎದ್ದು ಹೊರಟೆ.

"ಮೇಲ್ದು, ಕೆಳಗ್ದು ಅಂತಾವ್ನೆ ಕಣಕ್ಕಾ," ಎಂದ ಮುನಿರಾಜ ಕೂತಲ್ಲಿಂದಲೇ. "ನಮ್ ಗಣೀಲಿ ಲೆವೆಲ್ ಏಳ್ತಿರ್ಲಿಲ್ವಾ, ಅಂಗೆ."

ನಿಜ. ಎರಡೇ ಸಂಪುಟ ಇದ್ದರೆ ಇವರು ಒಂದು, ಎರಡು ಅನ್ನುವುದಿಲ್ಲ, ಮೇಲಿನದು, ಕೆಳಗಿನದು ಅನ್ನುತ್ತಾರೆ. ನನ್ನ ಸಂಪುಟದ ಮೇಲೂ ಬರೀ ಒಂದು ಗೆರೆ ಇರಲಿಲ್ಲ, ಅದನ್ನು ನಾನು ಗಮನಿಸಿಯೇ ಇರಲಿಲ್ಲ. ಗ್ರಂಥಪಾಲಕಿಯಾಗಿ ಜೀವಮಾನ ಕಳೆದವಳು ಕೈಗೆ ಬಂದ ಪುಸ್ತಕವನ್ನು ಮೂರು ಸಲ ವಾಪಸ್ ಕೊಟ್ಟಿದ್ದೆ. ನಾಚಿಕೆಯಿಂದ ಮುಖ ಎತ್ತದೆ ಕೊಂಡುಕೊಂಡೆ.

ರೈಲಿನಲ್ಲಿ

ಲಾಂಗ್‌ಚುವಾನ್ ಗುಡ್ಡಗಳ ನಡುವಿನ ಊರು. ರೈಲು ಒಂದು ಸುರಂಗದಿಂದ ಹೊರಬಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದಕ್ಕೆ ನುಗ್ಗುತ್ತದೆ. ಜನ ತಮ್ಮ ತಮ್ಮ ನಂಬರಿನ ಸೀಟಿನಲ್ಲಿ ಗೊಂಬೆಗಳ ಹಾಗೆ ಕೂತಿದ್ದರು. ಮಾರಿಕುಪ್ಪಂ ರೈಲಿನಲ್ಲಿ ಮೂರು ಜನರ ಸೀಟಿನಲ್ಲಿ ಐದು ಜನ ಕೂತು, ಆರನೆಯವರಿಗೆ ಸರಿದು ಜಾಗ ಕೊಟ್ಟು ಬೆಳೆದವರು ನಾವು. ಒಬ್ಬಾಕೆ ಬಾಗಿಲ ಬಳಿ ನಿಂತಿದ್ದನ್ನು ಕಂಡು ಮುನಿರಾಜ ನನ್ನನ್ನು ಕಿಟಕಿಗೆ ಒತ್ತರಿಸಿ, ಸೀಟು ತಟ್ಟಿ "ಬಾಮ್ಮಾ, ಕುಂತ್ಕೋ" ಎಂದು ಕರೆದ. ಆಕೆ ಗಾಬರಿಯಾಗಿ ಮುಂದಿನ ಡಬ್ಬಿಗೇ ಹೊರಟುಹೋದಳು.

ಸುರಂಗ ಬಂದಾಗಲೆಲ್ಲ ಅವನು ಕತ್ತೆತ್ತಿ ಮೇಲೆ ನೋಡುತ್ತಿದ್ದ. "ಇದನ್ನ ಕೊರ್ದೋರು ಎಷ್ಟ್ ಜನ ಇದ್ರೋ, ಎಷ್ಟ್ ಜನ ಓದ್ರೋ" ಎಂದ ಒಮ್ಮೆ. ಆ ಒಂದು ಗಳಿಗೆ ನನಗೆ ಅವನ ಮೇಲೆ ಕೋಪವಿರಲಿಲ್ಲ.

ಲಾಂಗ್‌ಚುವಾನ್

ಊರಿಗೆ ಊರೇ ಹಸಿರು. ಬೀದಿದೀಪದ ಕಂಬಕ್ಕೆ, ಸೇತುವೆಯ ಕಟಾಂಜನಕ್ಕೆಲ್ಲ ಅದೇ ಪಿಂಗಾಣಿ. ಅಂಗಡಿ ಸಾಲಿಗೆ ಹೋದಮೇಲೆ ಕೇಳಬೇಕೆ, ನನ್ನ ತಮ್ಮನಿಗೆ ತಟ್ಟಲು ಕೈಯೆರಡು ಸಾಲಲಿಲ್ಲ. ಟಣ್, ಟಣ್, ಟಣ್. ಒಂದು ಆಳೆತ್ತರದ ಹೂಜಿಯನ್ನು ಉಂಗುರದ ಬೆರಳಿನಿಂದ ತಟ್ಟಿದಾಗ ಅಂಗಡಿಯಾಕೆ ಚೀತ್ಕರಿಸಿ ಓಡಿಬಂದು ಹೂಜಿಯನ್ನು ಮಗುವಿನಂತೆ ತಬ್ಬಿಕೊಂಡಳು. ನನಗೆ ಬಂದ ಒಂದೇ ಒಂದು ಚೀನೀ ಮಾತು 'ಕ್ಷಮಿಸಿ'. ಅದನ್ನು ಆ ಬೀದಿಯಲ್ಲಿ ಎಷ್ಟು ಸಲ ಹೇಳಿದೆನೆಂದರೆ ನನ್ನ ಉಚ್ಚಾರಣೆ ಸುಧಾರಿಸಿತು.

"ಕೈ ಜೇಬಲ್ಲಿಟ್ಕೊಳ್ಳೋ!" ಎಂದು ಗದರಿದೆ. "ನಾಳೆ ದೊಡ್ಡ ಮನುಷ್ಯರ ಮನೆಗೆ ಹೋಗ್ತಿದೀವಿ. ಅಲ್ಲಿ ಏನಾದರೂ ತಟ್ಟಿದರೆ ನಿನ್ನನ್ನ ಇಲ್ಲೇ ಬಿಟ್ಟು ಹೋಗ್ತೀನಿ ಕಣ್ಲಾ."

"ತಟ್ಟಾಕಿಲ್ಲ ಬುಡಕ್ಕಾ," ಎಂದ ಮುಖ ಸಣ್ಣ ಮಾಡಿಕೊಂಡು.

ಲಿನ್ ತಾತನ ಅಂಗಳ

ಮಿನ್ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಹುಡುಗಿ. ಅವಳ ತಾತ ಲಿನ್‌ಗೆ ಎಂಬತ್ತು ದಾಟಿದೆ. ಸಣ್ಣ ದೇಹ, ಉಗುರಿನ ಸಂದಿಯಲ್ಲಿ ಇನ್ನೂ ಮಣ್ಣು. ಅಂಗಳದಲ್ಲಿ ಕೂರಿಸಿ ಚಹಾ ಕೊಟ್ಟರು. ಲೋಟ ಖಾಲಿಯಾದ ತಕ್ಷಣ ತುಂಬುವುದು ಅವರ ಮರ್ಯಾದೆ. ಕೊಟ್ಟದ್ದನ್ನು ಬಿಡದೆ ಖಾಲಿ ಮಾಡುವುದು ನಮ್ಮ ಮರ್ಯಾದೆ. ಮುನಿರಾಜ ಕುಡಿಯುತ್ತಲೇ ಇದ್ದ, ಅವರು ಸುರಿಯುತ್ತಲೇ ಇದ್ದರು. ಹತ್ತನೆಯ ಲೋಟಕ್ಕೆ ನನ್ನ ಕಡೆ ಬಾಗಿ, "ಬೇತಮಂಗಲದ ಕೆರೆ ಪೂರಾ ಕುಡಿಸ್ತಾವ್ರಲ್ಲಕ್ಕಾ, ಸಾಕು ಅಂತ ಏಳಕ್ಕಾ" ಎಂದು ಗೋಗರೆದ. ಇರಲಿ ಎಂದು ಸುಮ್ಮನಿದ್ದೆ.

ನಾನು ಫೋಟೋಗಳನ್ನು ಮೇಜಿನ ಮೇಲೆ ಹರಡಿದೆ. ತಾತ ಕನ್ನಡಕ ಏರಿಸಿ ಒಂದೊಂದನ್ನೇ ನೋಡಿದರು. ಬಹಳ ಹೊತ್ತು ನೋಡಿದರು. ಕೊನೆಗೆ ಏನೋ ಹೇಳಿದರು.

"ಬಣ್ಣ ಚೆನ್ನಾಗಿದೆಯಂತೆ," ಎಂದಳು ಮಿನ್. "ಫೋಟೋ ನೋಡಿ ಹಳೆಯದು, ಹೊಸದು ಎಂದು ಹೇಳಲು ಆಗುವುದಿಲ್ಲವಂತೆ. ತಟ್ಟೆ ಕೈಯಲ್ಲಿರಬೇಕಂತೆ."

ಅಯ್ಯೋ ದೇವರೇ! ಇಷ್ಟು ದೂರ ಬಂದದ್ದು ಈ ಮಾತು ಕೇಳಲಿಕ್ಕಾ? ನನಗೆ ಅಳುವೇ ಬಂತು. ಆಗ ಮುನಿರಾಜ ಜೇಬಿನಿಂದ ಫೋನು ತೆಗೆದ. "ಅಕ್ಕಾ, ಬಯ್ಬ್ಯಾಡ. ಬರೋಕ್ ಮುಂಚೆ ನಾನೊಂದ್ ವೀಡಿಯೋ ತೆಗ್ದಿದ್ದೆ. ತಟ್ಟೆ ತಟ್ಟಿದ್ದು." ಯಾರನ್ನೂ ಕೇಳದೆ ಅದನ್ನು ತಾತನ ಮುಂದೆ ಹಿಡಿದ.

ಪರದೆಯ ಮೇಲೆ ನನ್ನ ಊಟದ ಮೇಜು, ನನ್ನ ತಟ್ಟೆ, ಅವನ ದಪ್ಪ ಬೆರಳು. ಅಂಚಿನ ಮೇಲೆ ಟಣ್. ಇನ್ನೊಂದು ಬದಿ ಟಣ್. ಮೀನಿನ ಮೇಲೆ ಟಪ್. ಇನ್ನೊಂದು ಮೀನು, ಟಪ್. ನಾಚಿಕೆಯಿಂದ ನೆಲಕ್ಕಿಳಿದುಹೋಗಬೇಕು ಅನ್ನಿಸಿತು. ಆದರೆ ತಾತ ಫೋನನ್ನು ಕಿವಿಗೆ ಹಚ್ಚಿಕೊಂಡರು. ಇನ್ನೊಮ್ಮೆ ಕೇಳಿದರು. ಮೊಂಡು ಬಾಲದ ಫೋಟೋವನ್ನು ಮತ್ತೆ ಎತ್ತಿಕೊಂಡು ಕಣ್ಣಿನ ಹತ್ತಿರ ಹಿಡಿದರು. ಆಮೇಲೆ ಎದ್ದು ಒಳಗೆ ಹೋದರು.

ಹಿಂತಿರುಗಿದಾಗ ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಒಂದು ಸಣ್ಣ ವಸ್ತುವಿತ್ತು. ಬಿಚ್ಚಿದರು. ಸುಟ್ಟ ಮಣ್ಣಿನ ಅಚ್ಚು, ಬೆರಳುದ್ದದ್ದು. ಒಳಗೆ ತಗ್ಗಾಗಿ ಒಂದು ಮೀನು ಕೊರೆದಿತ್ತು. ಬಾಲದ ಕಡೆ ಅಚ್ಚು ಚಕ್ಕೆಯೆದ್ದು ಹೋಗಿತ್ತು.

ಯಾರೂ ಅನುವಾದ ಮಾಡಬೇಕಾಗಿರಲಿಲ್ಲ. ಐದು ವರ್ಷ ಭೂತಗನ್ನಡಿ ಹಿಡಿದು ನೋಡಿದ ಬಾಲ ಅದು, ನನಗೆ ಕಣ್ಣು ಮುಚ್ಚಿದರೂ ಕಾಣುತ್ತದೆ. ಕುಶಲಕರ್ಮಿಯ ವಿನಯವಂತೆ! ಅಚ್ಚು ಕೈಜಾರಿ ಬಿದ್ದಿತ್ತು, ಅಷ್ಟೇ.

ಮಿನ್ ಮೆಲ್ಲಗೆ ಹೇಳುತ್ತಾ ಹೋದಳು. ಅದು ತಾತನ ತಾತ ಮಾಡಿದ ಅಚ್ಚು. ಆಗ ವಿದೇಶೀಯರು ಹಳೆಯ ಪಿಂಗಾಣಿ ಹುಡುಕಿಕೊಂಡು ಈ ಗುಡ್ಡಗಳಿಗೆ ಬರುತ್ತಿದ್ದರು. ಹಳೆಯದು ಅಷ್ಟು ಎಲ್ಲಿಂದ ಬರಬೇಕು? ಊರಿನ ಕುಂಬಾರರು ಹೊಸದನ್ನು ಹಳೆಯದಾಗಿ ಮಾಡಿ ಕೊಟ್ಟರು. ಪ್ರಾಚೀನರು ತಟ್ಟೆ ಹಸಿಯಿದ್ದಾಗಲೇ ಮೀನು ಅಂಟಿಸುತ್ತಿದ್ದರು. ಇವರ ತಾತನಿಗೆ ಅವಸರ. ತಟ್ಟೆಗಳನ್ನು ಮೊದಲೇ ಮಾಡಿಟ್ಟು, ಗಿರಾಕಿ ಬಂದಮೇಲೆ ಅರೆ ಒಣಗಿದ್ದಕ್ಕೆ ಮೀನು ಒತ್ತುತ್ತಿದ್ದರು. ಅದಕ್ಕೇ ಮೀನಿನ ಕೆಳಗೆ ಸ್ವಲ್ಪ ಟೊಳ್ಳು ಉಳಿಯುತ್ತಿತ್ತು.

ನಾನು ಮುನಿರಾಜನ ಕಡೆ ತಿರುಗಲಿಲ್ಲ. ಅವನೇನಾದರೂ ಆಗ ಬುರುಡೆ ಅಂದಿದ್ದರೆ ಆ ಅಂಗಳದಲ್ಲೇ ಅವನ ಕತ್ತು ಹಿಸುಕುತ್ತಿದ್ದೆ. ನನ್ನ ಲೋಟಕ್ಕೆ ಅವನೇ ಚಹಾ ಬಗ್ಗಿಸಿದ.

"ನಿಮಗೆ ಕೋಪ ಬಂದಿದೆಯೇ ಎಂದು ತಾತ ಕೇಳುತ್ತಿದ್ದಾರೆ," ಎಂದಳು ಮಿನ್.

"ಬಂದಿದೆ ಅಂತ ಹೇಳು," ಎಂದೆ. "ಬಹಳ ಬಂದಿದೆ ಅಂತ ಹೇಳು. ನಾನು ಊರಿಗೆಲ್ಲ ಏಳುನೂರು ವರ್ಷ ಅಂತ ಹೇಳಿಕೊಂಡು ಬಂದಿದ್ದೇನೆ. ಒಂದು ಪುಸ್ತಕ ಬರೆದಿದ್ದೇನೆ."

ಹುಡುಗಿ ಹಿಂಜರಿದಳು. "ಬ್ಯಾಡ ಅಕ್ಕಾ, ವಯಸ್ಸಾದೋರು" ಎಂದ ಮುನಿರಾಜ. ಹೇಳು ಎಂದು ಪಟ್ಟು ಹಿಡಿದೆ. ಹೇಳಿದಳು.

ತಾತ ಮೇಜು ಹಿಡಿದುಕೊಂಡು ಎದ್ದರು. ಎರಡು ಕೈಯನ್ನೂ ಪಕ್ಕಕ್ಕೆ ಇಳಿಬಿಟ್ಟು, ನನ್ನೆದುರು ಸೊಂಟದವರೆಗೂ ಬಾಗಿದರು. ಹಾಗೇ ನಿಂತಿದ್ದರು. ಮಿನ್ ಅವರ ಮಾತನ್ನು ತಿಳಿಸಿದಳು. "ತಮ್ಮ ತಾತ ಎಷ್ಟು ಜನಕ್ಕೆ ಹೀಗೆ ಮಾಡಿದರೋ ಗೊತ್ತಿಲ್ಲವಂತೆ, ಮನೆಯವರೆಗೂ ಬಂದು ಕೇಳಿದವರು ನೀವೇ ಮೊದಲಂತೆ, ಆ ತಾತನ ಪರವಾಗಿ ಕ್ಷಮೆ ಕೇಳುತ್ತಿದ್ದಾರೆ."

ಯಾವ ಕಾಲದಲ್ಲೋ ಸತ್ತವನ ತಪ್ಪಿಗೆ ಎಂಬತ್ತು ದಾಟಿದ ಮನುಷ್ಯ ನನಗೆ ತಲೆ ಬಾಗಿಸಿ ನಿಂತಿದ್ದರು. ನನ್ನ ಕೋಪ ಎಲ್ಲಿ ಹೋಯಿತೋ. ಓಡಿಹೋಗಿ ಭುಜ ಹಿಡಿದು ಎತ್ತಿ ಕೂರಿಸಿದೆ, ಕೂರಿಸುತ್ತಲೇ ಅತ್ತೆ. ಬೀದಿಯುದ್ದಕ್ಕೂ ಹೇಳಿಕೊಂಡು ಬಂದ ಒಂದೇ ಚೀನೀ ಮಾತು ಆಗ ಬಾಯಿಗೆ ಬರಲಿಲ್ಲ. ಕನ್ನಡದಲ್ಲೇ ತಪ್ಪಾಯಿತು ಎಂದೆ.

ಅವರ ತಾತನ ಕೈಯ ಒಂದು ತಟ್ಟೆಯೂ ಆ ಮನೆಯಲ್ಲಿಲ್ಲವಂತೆ. ಎಲ್ಲವೂ ಕೊಂಡವರ ಜೊತೆ ಹೋದವು, ಅಚ್ಚು ಒಂದು ಉಳಿಯಿತು. ಅವರು ನನ್ನ ಫೋಟೋಗಳನ್ನು ಮತ್ತೆ ಕೈಗೆತ್ತಿಕೊಂಡರು. ಈ ಸಲ ಬೇರೆ ಥರ ನೋಡಿದರು. ಎಲ್ಲವನ್ನೂ ಅವರಿಗೇ ಕೊಟ್ಟೆ. ನಿಮ್ಮ ತಾತನ ಹೆಸರೇನು ಎಂದು ಕೇಳಿ ನನ್ನ ಟಿಪ್ಪಣಿ ಪುಸ್ತಕ ತೆರೆದೆ. ಲಿನ್ ಅಗೆನ್. ಕನ್ನಡದಲ್ಲಿ ಬರೆದು ಓದಿ ಹೇಳಿದೆ. ತಾತ ತಲೆಯಲ್ಲಾಡಿಸಿದರು, ಸರಿಯಿಲ್ಲ. ಮತ್ತೆ ಹೇಳಿದೆ. ಊಹೂಂ. ಕೊನೆಯ ಅಕ್ಷರದ ದನಿ ನನ್ನ ಬಾಯಲ್ಲಿ ಕೆಳಗೆ ಬೀಳುತ್ತಿತ್ತಂತೆ, ಅದು ಮೇಲೆಯೇ ನಿಲ್ಲಬೇಕಂತೆ. ಚೀನೀ ಭಾಷೆಯಲ್ಲಿ ದನಿ ಏರಿದರೆ, ಇಳಿದರೆ ಅದು ಬೇರೆಯೇ ಮಾತಾಗುತ್ತದಂತೆ. ಎಂಟು ಸಲ ಹೇಳಿಸಿದರು, ಮಗ್ಗಿ ಹೇಳಿಸುವ ಮೇಷ್ಟರ ಹಾಗೆ. ಒಂಬತ್ತನೆಯ ಸಲಕ್ಕೆ ಕಣ್ಣು ಮುಚ್ಚಿ ತಲೆದೂಗಿದರು.

ಮತ್ತೆ ಬಂಗಾರಪೇಟೆ

ಬಂದ ಮಾರನೆಯ ದಿನವೇ ಪ್ರಕಾಶಕರಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ. ಅವರು "ಇದ್ದ ಹಾಗೇ ಬಿಟ್ಟುಬಿಡಿ ಮೇಡಂ. ಕನ್ನಡದಲ್ಲಿ ಓದುವವರಿಗೆ ಯಾರಿಗೆ ಗೊತ್ತಾಗುತ್ತದೆ?" ಎಂದರು. ಕನ್ನಡದಲ್ಲಿ ಓದುವವರೆಂದರೆ ಅಷ್ಟು ಸಸಾರವೇ ಎಂದು ರೇಗಿದೆ. "ಹಾಗಾದರೆ ಆ ಅಧ್ಯಾಯ ತೆಗೆದುಬಿಡಿ. ನಕಲಿ ತಟ್ಟೆಗೆ ಅಷ್ಟು ಪುಟ ಯಾಕೆ?" ಎಂದರು. ಅದಕ್ಕೂ ಒಪ್ಪಲಿಲ್ಲ. ಫೋನ್ ಇಟ್ಟರು. ಪುಸ್ತಕ ಬರುತ್ತದೋ ಇಲ್ಲವೋ ಈ ಹೊತ್ತಿಗೂ ನನಗೆ ಗೊತ್ತಿಲ್ಲ.

ಬಾಲದ ಆರು ಪುಟಗಳನ್ನು ಹರಿದು ಹಾಕಿ ಅಧ್ಯಾಯವನ್ನು ಮೊದಲಿನಿಂದ ಬರೆಯುತ್ತಿದ್ದೇನೆ. ನನ್ನ ಬೀರುಗಳಲ್ಲಿರುವ ಅಷ್ಟೂ ಪುಸ್ತಕಗಳಲ್ಲಿ ಒಂದೇ ಒಂದು ತಟ್ಟೆಯ ಕೆಳಗೂ ಅದನ್ನು ಮಾಡಿದವನ ಹೆಸರಿಲ್ಲ, ರಾಜವಂಶದ ಹೆಸರಿದೆ. ಈಗ ನನ್ನ ಅಧ್ಯಾಯ ಹೀಗೆ ಶುರುವಾಗುತ್ತದೆ: "ಈ ತಟ್ಟೆಯನ್ನು ಮಾಡಿದವನು ಲಾಂಗ್‌ಚುವಾನ್‌ನ ಕುಂಬಾರ ಲಿನ್ ಅಗೆನ್. ಅವನ ಹೆಸರಿನ ಕೊನೆಯ ಅಕ್ಷರವನ್ನು ಓದುವಾಗ ದನಿಯನ್ನು ದಯವಿಟ್ಟು ಕೆಳಗಿಳಿಸಬೇಡಿ."